ಸಾಹೇಬನ ಕುದುರೆಗೆ ನಮ್ಮ ಮಾಮಾನ ಸೂತಕ

ನಮ್ಮ ಸೋದರಮಾವನಿಗೆ ಇಡೀ ರಾಣೆಬೆನ್ನೂರಿನಲ್ಲಿ ಇದ್ದದ್ದು ಒಬ್ಬನೇ ಗೆಳೆಯ. ತೊಂದರೆ ಏನೆಂದರೆ, ಆತ ಸತ್ತು ನೂರೈವತ್ತು ವರ್ಷವಾಗಿತ್ತು!

ಮಾಮಾ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾದವರು. ಹಾವೇರಿಯ ರದ್ದಿ ಅಂಗಡಿಯೊಂದರಲ್ಲಿ ಅವರಿಗೆ ರಟ್ಟು ಕಿತ್ತುಹೋದ ಪುಸ್ತಕ ಸಿಕ್ಕಿತು. ಬ್ರಿಟಿಷ್ ಕುದುರೆ ದಂಡಿನ ಅಧಿಕಾರಿಯೊಬ್ಬನ ಡೈರಿ. ಮೊದಲ ಹಾಳೆಗಳೇ ಇಲ್ಲದ್ದರಿಂದ ಹೆಸರು ತಿಳಿಯದು. ಮಾಮಾ ‘ಸಾಹೇಬ’ ಎಂದು ಕರೆದರು. ದಿನಕ್ಕಿಷ್ಟೇ ಓದುವುದು, ಆಮೇಲೆ ಓಣಿಗೆಲ್ಲ ವರದಿ. ಸಾಹೇಬನಿಗೆ ಜ್ವರ ಬಂದರೆ ಕಿರಾಣಿ ಅಂಗಡಿಯವನಿಗೂ ಗೊತ್ತಾಗಬೇಕು!

ಬ್ಯಾಡಗಿಯಲ್ಲಿ ನನ್ನ ತಂಗಿಯ ನಿಶ್ಚಯದ ದಿನ ಮಾಮಾ ಹೋಳಿಗೆ ಮುಟ್ಟಲಿಲ್ಲ. ಗಂಡಿನ ತಂದೆ ಗಾಬರಿಯಾಗಿ, ಏನು ತಪ್ಪಾಯಿತೆಂದು ಕೇಳಿದರು.

“ನಿಮ್ದೇನ್ ತಪ್ಪಿಲ್ರಿ. ಇವತ್ತ ಮುಂಜಾನೆ ಕುದುರಿ ಸತ್ತೈತಿ,” ಎಂದರು ಮಾಮಾ.

ನಮ್ಮ ಮನೆಯಲ್ಲಿ ಕುದುರೆಯಿತ್ತೆಂದು ಬೀಗರು ಇಂದಿಗೂ ನಂಬಿದ್ದಾರೆ. ನಾವೂ ತಿದ್ದಿಲ್ಲ. ಮರ್ಯಾದೆ ಯಾರಿಗೆ ಬೇಡ?

ಡೈರಿಯಲ್ಲಿ ಕುದುರೆಯಾದ ಮೇಲೆ ಸಾಹೇಬನ ಗೆಳೆಯನ ಸರದಿ. ಅದೇ ದಂಡಿನವನು, ಜೀವದ ಗೆಳೆಯ. ಇಸ್ಪೀಟಾಟದಲ್ಲಿ ಜಗಳವಾಗಿ ಇಬ್ಬರೂ ಮಾತು ಬಿಟ್ಟರು. ತಾನಾಗಿ ಹೋಗಲು ಸಾಹೇಬನಿಗೆ ಬಿಗುಮಾನ. ಅಷ್ಟರಲ್ಲಿ ಗೆಳೆಯ ಕಾಲರಾದಿಂದ ಸತ್ತ. ಆಮೇಲೆ ಹನ್ನೆರಡು ದಿನ ಸಾಹೇಬ ಬರೆದದ್ದು ಬರೀ ತಾರೀಖು.

ಅದನ್ನು ಓದಿದ ದಿನ ಮಾಮಾ ಯಾರಿಗೂ ವರದಿ ಒಪ್ಪಿಸಲಿಲ್ಲ. ಮರುದಿನ ನನ್ನನ್ನು ಕರೆದುಕೊಂಡು ಮೋಟೆಬೆನ್ನೂರಿಗೆ ಹೊರಟರು. ಅಲ್ಲಿ ಅವರ ಜೊತೆ ಮಾಸ್ತರಿಕೆ ಮಾಡಿದ ಗೆಳೆಯರೊಬ್ಬರಿದ್ದರು. ಹೆಡ್‌ಮಾಸ್ತರಿಕೆ ಯಾರಿಗೆ ಎಂಬ ಜಗಳದಲ್ಲಿ ಹದಿನಾಲ್ಕು ವರ್ಷದಿಂದ ಮಾತಿರಲಿಲ್ಲವೆಂದು ಬಸ್ಸಿನಲ್ಲಷ್ಟೇ ನನಗೆ ತಿಳಿಯಿತು.

ಗೆಳೆಯರು ಮಂಚದ ಮೇಲೆ ಮಲಗಿದ್ದರು. ಲಕ್ವಾ ಹೊಡೆದು ಎರಡು ತಿಂಗಳಾಗಿತ್ತು, ಬಲಗೈ ಬಿದ್ದು ಮಾತು ಹೋಗಿತ್ತು. ಯಾರನ್ನೂ ಕಣ್ಣೆತ್ತಿ ನೋಡುವುದಿಲ್ಲವೆಂದು ಅವರ ಹೆಂಡತಿ ಹೇಳಿದರು. ಮಾಮಾ ಪಕ್ಕದಲ್ಲಿ ಕೂತು, ಚೀಲದಿಂದ ಪುಸ್ತಕ ತೆಗೆದು ಸಾಹೇಬನ ಕಥೆ ಶುರು ಮಾಡಿದರು. ಗೆಳೆಯರು ಮಾಮಾನತ್ತ ತಲೆ ಹೊರಳಿಸಿದರು.

ಅಂದಿನಿಂದ ಪ್ರತಿ ಸೋಮವಾರ ಮೋಟೆಬೆನ್ನೂರು. ಹೋದ ವಾರ ಕಥೆ ಇಸ್ಪೀಟಿನ ಜಗಳಕ್ಕೆ ಬಂತು. ಮುಂದಿನದನ್ನು ಮಾಮಾ ಮೊದಲ ದಿನ ಬಸ್ಸಿನಲ್ಲೇ ನನಗೆ ಹೇಳಿದ್ದರು. ಗೆಳೆಯರು ಕಣ್ಣು ಮಿಟುಕಿಸದೆ ಕೇಳುತ್ತಿದ್ದರು. ಮಾಮಾ ಪುಸ್ತಕ ಮುಚ್ಚಿದರು.

“ಸಾಹೇಬ ತಡಾ ಮಾಡ್ಲಿಲ್ಲಪಾ. ಆವತ್ತ ಅವನ ಮನಿಗೆ ಹ್ವಾದ. ಇಬ್ರೂ ಕುಂತು ಚಹಾ ಕುಡದ್ರು,” ಎಂದರು.

ಗೆಳೆಯರು ಮಾಮಾನ ಮುಖ ನೋಡಿದರು. ಆಮೇಲೆ ಎಡಗೈ ಚಾಚಿ, ಸ್ಟೂಲಿನ ಮೇಲಿದ್ದ ತಮ್ಮ ಚಹಾದ ಕಪ್ಪನ್ನು ಚೂರುಚೂರೇ ಅವರತ್ತ ಸರಿಸಿದರು.