ನಮ್ಮ ಹಳೆಯ ಯಂತ್ರವನ್ನು ಕೈಬಿಟ್ಟ ಕಂಪನಿಗೆ

ಮದ್ದೂರು, ಡಿಸೆಂಬರ್ ೧೯೭೮

ಪ್ರೋಗ್ರಾಮು ವಿತರಣಾಧಿಕಾರಿಗಳು,
ತ್ರಿಲೋಕ ಗಣಕಯಂತ್ರ ಕಂಪನಿ, ಬೊಂಬಾಯಿ ಇವರಿಗೆ

ಪರಮ ಮಾನ್ಯರೇ,

ಇಲ್ಲಿ ನಾವೂ, ತಾವು ‘ಬಳಕೆ ಮೀರಿದ್ದು’ ಎಂದು ಘೋಷಿಸಿರುವ ನಮ್ಮ ಯಂತ್ರವೂ ಕ್ಷೇಮ. ತಾವೂ ತಮ್ಮ ಹೊಸ ಯಂತ್ರಗಳೂ ಕ್ಷೇಮವೆಂದು ನಂಬಿ, ಬಸ್ ನಿಲ್ದಾಣದ ಗೋಡೆಗೂ ಒಂದು ಪ್ರತಿ ಅಂಟಿಸುವ ಉದ್ದೇಶದಿಂದ ಈ ಪತ್ರ ಬರೆಯುತ್ತಿದ್ದೇನೆ.

ನಮ್ಮ ಕಬ್ಬು ಬೆಳೆಗಾರರ ಸಂಘದಲ್ಲಿ ಯಾರ ಗದ್ದೆಗೆ ಯಾವತ್ತು ಕಟಾವು ಎಂಬ ಸರದಿಯನ್ನು ನಾಲ್ಕು ವರ್ಷದಿಂದ ಆ ಯಂತ್ರವೇ ಹೇಳುತ್ತಿತ್ತು. ದೊಡ್ಡವರ ಗದ್ದೆಯೇ ಮೊದಲು ಎಂಬ ಅನ್ಯಾಯವನ್ನು ಅದು ಒಂದೇ ಏಟಿಗೆ ನಿಲ್ಲಿಸಿದ್ದರಿಂದ ನಾನು ಅದನ್ನು ಸಂಗಾತಿ ಎಂದೇ ಕರೆಯುತ್ತಿದ್ದೆ. ಈ ಹಂಗಾಮಿಗೆ ತಾವು ಸುಧಾರಿಸಿದ ಪ್ರೋಗ್ರಾಮನ್ನು ಸಾವಿರದಿನ್ನೂರು ತೂತು ಕಾರ್ಡುಗಳಲ್ಲಿ ಕಳಿಸಿಕೊಟ್ಟಿರಿ. ಹಳೆಯ ಕಾರ್ಡುಗಳನ್ನು ಮೊದಲೇ ಹಿಂದಿರುಗಿಸಬೇಕೆಂಬ ತಮ್ಮ ಷರತ್ತನ್ನು ನಾವು ಭಕ್ತಿಯಿಂದ ಪಾಲಿಸಿದೆವು. ಆಮೇಲೆ ತಿಳಿಯಿತು, ಹೊಸದು ಫೋರ್ಟ್ರಾನ್ ಎಂಬ ಗಣಕಭಾಷೆಯ ನಾಲ್ಕನೆಯ ಆವೃತ್ತಿಯಲ್ಲಿದೆ, ನಮ್ಮ ಯಂತ್ರ ಎರಡನೆಯದನ್ನಷ್ಟೇ ಬಲ್ಲದು. ಅದು ಮೊದಲ ಕಾರ್ಡು ನುಂಗಿ, ಗೊರಕೆಯಂಥ ಸದ್ದು ಮಾಡಿ, ನಿಂತುಬಿಟ್ಟಿತು.

‘ಹಳೆಯ ಯಂತ್ರಗಳಿಗೆ ಪ್ರೋಗ್ರಾಮು ಒದಗಿಸುವುದಿಲ್ಲ, ಹೊಸ ಯಂತ್ರ ಕೊಳ್ಳಿ’ ಎಂದು ತಾವು ಉತ್ತರಿಸಿದಿರಿ. ಎಂಥ ದೂರದೃಷ್ಟಿ! ಹಳೆಯದೆಲ್ಲ ಅಳಿಯಬೇಕೆಂದು ನಾನು ಓದಿದ ಕ್ರಾಂತಿಯ ಕರಪತ್ರಗಳೂ ಸಾರುತ್ತವೆ. ಅದು ಪಾಳೇಗಾರಿಕೆಯ ಮಾತೆಂದು ತಿಳಿದಿದ್ದ ಮೂಢ ನಾನು, ಕಾರ್ಡು ಓದುವ ಪೆಟ್ಟಿಗೆಯ ಮಾತೆಂದು ನನಗೆ ಹೊಳೆದೇ ಇರಲಿಲ್ಲ.

ಅಷ್ಟರಲ್ಲಿ ಕೆರಗೋಡಿನ ಹೊಂಬಾಳಮ್ಮನವರ ಒಂದೂವರೆ ಎಕರೆ ಕಬ್ಬು, ಅವರ ಇಡೀ ವರ್ಷದ ದುಡಿಮೆ, ಸೂಲಂಗಿ ಬಿಟ್ಟು ಹೂವಾಗಿ, ರಸ ಬತ್ತಿ ಬೆಂಡಾಗತೊಡಗಿದೆ. ಅವರು ಬಂದು ಯಂತ್ರದ ಮುಂದೆ ನಿಂತು, “ಏನ್ಲಾ ಚಿಕ್ಮಾದು, ಓದಾಕ್ ಬರ್ದೇ ಇರೋಳು ನಾನು. ಇದ್ಕೇನ್ಲಾ ಬಂದದೆ ರೋಗ?” ಎಂದರು. ಆವೃತ್ತಿಗಳ ವಿಷಯವನ್ನು ನಾನು ಅರ್ಧ ಗಂಟೆ ವಿವರಿಸಿದೆ. “ನನ್ ಮೊಮ್ಮಗ್ಳೂ ಇಂಗ್ಲೀಸ್ ಕಲ್ತವ್ಳೆ. ಅಂಗಂತ ನನ್ ಕೂಟೆ ಮಾತಾಡೋದ್ ಬುಟ್ಬುಟ್ಟವ್ಳೇನ್ಲಾ?” ಎಂದು ಕೇಳಿದರು. ಈ ಪ್ರಶ್ನೆಗೆ ತಮ್ಮ ಕೈಪಿಡಿಯ ಯಾವ ಪುಟದಲ್ಲಿ ಉತ್ತರವಿದೆಯೆಂದು ದಯವಿಟ್ಟು ತಿಳಿಸುವುದು.

ಆದಕಾರಣ ಎರಡನೆಯ ಆವೃತ್ತಿಯಲ್ಲೂ ಪ್ರೋಗ್ರಾಮು ಬರೆಸಿ ಕಳಿಸಬೇಕು. ಅದು ತಮ್ಮ ಘನತೆಗೆ ಕುಂದೆನಿಸಿದರೆ, ನಾವು ಹೊಸ ಯಂತ್ರ ಕೊಳ್ಳುವವರೆಗೆ ಹೂ ಬಿಡಕೂಡದೆಂದು ಕಬ್ಬಿಗೊಂದು ಸುತ್ತೋಲೆಯನ್ನಾದರೂ ಹೊರಡಿಸಬೇಕು. ಈಗಾಗಲೇ ಬಿಟ್ಟಿರುವ ಹೂಗಳನ್ನು ಜಲ್ಲೆಯೊಳಕ್ಕೆ ವಾಪಸು ತುರುಕಲು ತಮ್ಮ ಇಬ್ಬರು ಇಂಜಿನಿಯರುಗಳು ಸಾಕು, ಏಣಿ ನಮ್ಮದು.

ಇನ್ನೂ ಎರಡನೆಯ ಆವೃತ್ತಿಯಲ್ಲೇ ಉಳಿದಿರುವ ತಮ್ಮ ವಿಶ್ವಾಸಿ,
ಚಿಕ್ಕಮಾದು
ಕಾರ್ಡು ತೂತು ಮಾಡುವ ಗುಮಾಸ್ತ

ಮರೆತ ಮಾತು: ಪತ್ರ ಅಂಚೆಗೆ ಬೀಳುವ ಮುನ್ನವೇ ಕಟಾವು ಶುರುವಾಗಿದೆ. ಯಾರ ಕಬ್ಬು ಎಷ್ಟು ಬಲಿತಿದೆಯೆಂದು ಹೊಂಬಾಳಮ್ಮನವರು ಬಾಯಲ್ಲೇ ಹೇಳಿದರು, ನಾನು ಬರೆದುಕೊಂಡೆ. ತಮ್ಮ ಸ್ವಂತ ಗದ್ದೆಗಿಂತ ಕೆಟ್ಟಿದ್ದ ಎರಡು ಗದ್ದೆಗಳನ್ನು ಮುಂದೆ ಬಿಟ್ಟು ಅದನ್ನು ಮೂರನೆಯದಾಗಿ ಹೇಳಿದರು. ನಿನ್ನೆ ಅದರ ಕಟಾವೂ ಮುಗಿಯಿತು. ಸರದಿಯ ಚೀಟಿಗಳಿಗೆ ತಾವು ಕಳಿಸಿದ ಹೊಸ ಕಾರ್ಡುಗಳ ಬೆನ್ನನ್ನೇ ಬಳಸಿದ್ದೇವೆ, ಕೆರಗೋಡಿನಿಂದ ಬಸರಾಳಿನವರೆಗೆ ಎಲ್ಲ ಕಡೆಯೂ ಸರಾಗವಾಗಿ ನಡೆಯುತ್ತಿವೆ. ಐದನೆಯ ಆವೃತ್ತಿಯಲ್ಲಿ ತೂತುಗಳು ಸ್ವಲ್ಪ ಕಡಿಮೆಯಿದ್ದರೆ ಉಪಕಾರ, ಬರೆಯುವಾಗ ಪೆನ್ನು ಸಿಕ್ಕಿಕೊಳ್ಳುತ್ತದೆ.