ಗೆಳತಿಯ ಭಾನುವಾರದ ಕೊಲೆಗಳು

ನನ್ನ ಗೆಳತಿ ನೋಡಿದಷ್ಟು ಕೊಲೆಗಳನ್ನು ನಮ್ಮ ದೊಡ್ಡಬಳ್ಳಾಪುರದಲ್ಲಿ ಇನ್ಯಾರೂ ನೋಡಿರಲಾರರು. ಪೊಲೀಸರನ್ನೂ ಸೇರಿಸಿಯೇ ಹೇಳುತ್ತಿದ್ದೇನೆ! ಹಾಗೆಂದು ಅವಳನ್ನು ಕಂಡು ಹೆದರಬೇಡಿ. ನೋಡುವುದೆಲ್ಲ ಟಿ.ವಿ.ಯಲ್ಲಿ, ಅದೂ ಭಾನುವಾರ ಮಧ್ಯಾಹ್ನ ಊಟವಾದ ಮೇಲೆ, ಎಲೆಅಡಿಕೆ ಮೆಲ್ಲುತ್ತಾ.

ಈ ಚಟ ಹತ್ತಿದ್ದು ಹೈಸ್ಕೂಲಿನಲ್ಲಿ. ಅವಳ ಸೋದರಮಾವ ಬಾಡಿಗೆಗೆ ವಿಸಿಆರ್ ತಂದಾಗಲೆಲ್ಲ, ದೊಡ್ಡವರ ಭಕ್ತಿಚಿತ್ರ ಮುಗಿದ ಮೇಲೆ ನಾವಿಬ್ಬರೂ ಮುಖವಾಡದ ಕೊಲೆಗಾರನ ಇಂಗ್ಲಿಷ್ ಸಿನಿಮಾ ಹಾಕಿಕೊಳ್ಳುತ್ತಿದ್ದೆವು. ಮಾತು ಅರ್ಥವಾಗುತ್ತಿರಲಿಲ್ಲ, ನಿಜ. ಆದರೆ ಮಚ್ಚಿಗೆ ಯಾವ ಭಾಷೆ? ನಾನಂತೂ ತಿಂಗಳುಗಟ್ಟಲೆ ಹಿತ್ತಲಿಗೆ ಒಬ್ಬಳೇ ಹೋಗಲಿಲ್ಲ.

ಆಮೇಲೆ ಮದುವೆ, ಮಕ್ಕಳು. ದೇವನಹಳ್ಳಿಯಲ್ಲಿ ವಿಮಾನ ಇಳಿಯತೊಡಗಿದ ಮೇಲೆ, ಪ್ರಯಾಣಿಕರಿಗೆ ಊಟ ಕಟ್ಟುವ ದೊಡ್ಡ ಅಡುಗೆಮನೆಯಲ್ಲಿ ಅವಳಿಗೆ ಕೆಲಸ ಸಿಕ್ಕಿತು. ತರಕಾರಿ ಹೆಚ್ಚುವವರ ಮೇಲೆ ಉಸ್ತುವಾರಿ. ಕೊಲೆಗಾರನನ್ನು ಇಬ್ಬರೂ ಮರೆತೇಬಿಟ್ಟಿದ್ದೆವು. ಎರಡು ವರ್ಷದ ಹಿಂದೆ ಒಂದು ಭಾನುವಾರ ಅವಳ ಫೋನು ಬಂತು.

“ಲೇ, ಬೇಗ ಬಾರೇ! ನಮ್ ಮುಖವಾಡದೋನು ಟೀವೀಲಿ ಸಿಕ್ಬಿಟ್ಟ!”

ಜಾತ್ರೆಯಲ್ಲಿ ಕಳೆದುಹೋದ ಅಣ್ಣ ಸಿಕ್ಕಂಥ ಸಂಭ್ರಮ!

ಓಡಿದೆ. ಈ ವಯಸ್ಸಿನಲ್ಲಿ ಮತ್ತೆ ನೋಡಿದರೆ ರಕ್ತವೆಲ್ಲ ಟೊಮೆಟೊ ಸಾರಿನ ಹಾಗೆ ಕಾಣುತ್ತದೆ. ಆದರೂ ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ. ಅವಳಿಗೆ ಬೇರೆಯೇ ಚಿಂತೆ.

“ಚಾಕು ಹಿಡಿದಿರೋದು ನೋಡೇ! ಇವನ ಕೈಲಿ ಒಂದು ಈರುಳ್ಳಿ ಹೆಚ್ಚೋಕಾಗಲ್ಲ. ಕೈಗೆ ಗ್ಲೌಸಿಲ್ಲ, ತಲೆಗೆ ಟೋಪಿ ಇಲ್ಲ. ನಮ್ಮಲ್ಲಾಗಿದ್ರೆ ಮೊದಲ ದಿನವೇ ಮನೆಗೆ ಕಳಿಸ್ತಿದ್ದೆ!”

ಅಂದಿನಿಂದ ಪ್ರತಿ ಭಾನುವಾರವೂ ಇದೇ ಕಾರ್ಯಕ್ರಮ. ಅವಳ ಮನೆಯ ಎರಡೂ ಪಕ್ಕ ಮಗ್ಗದ ಶೆಡ್ಡುಗಳು. ಆ ಸದ್ದನ್ನು ಮೀರಿಸಲು ಟಿ.ವಿ. ಸದ್ದನ್ನು ಪೂರ್ತಿ ಏರಿಸಿಡುತ್ತಾಳೆ. ಒಂದು ಭಾನುವಾರ ಟೀ ಕುಡಿಯಲೆಂದು ಎಲ್ಲ ಮಗ್ಗಗಳನ್ನೂ ನಿಲ್ಲಿಸಿದರು. ಸರಿಯಾಗಿ ಅದೇ ಗಳಿಗೆಗೆ ನಮ್ಮವನು ಒಬ್ಬಳನ್ನು ಮುಗಿಸಿದ. ಆ ಕಿರುಚಾಟಕ್ಕೆ ಎದುರುಮನೆಯ ಅಜ್ಜಿ ಪೊರಕೆ ಹಿಡಿದು ಒಳಗೆ ನುಗ್ಗಿಬಿಟ್ಟರು! ಸಿನಿಮಾ ಎಂದು ತಿಳಿದ ಮೇಲೆ ಹೋದರೇ? ಇಲ್ಲ, ಪೊರಕೆ ಪಕ್ಕಕ್ಕಿಟ್ಟು ಕೂತರು. ಹತ್ತು ನಿಮಿಷ ನೋಡಿ ನಿಟ್ಟುಸಿರುಬಿಟ್ಟರು.

“ಪಾಪ, ವಯಸ್ಸಿಗೆ ಸರ್ಯಾಗಿ ಇವನಿಗೊಂದು ಮದ್ವೆ ಮಾಡಿದ್ರೆ ಹಿಂಗಾಗ್ತಿರ್ಲಿಲ್ಲ ಕಣಮ್ಮ.”

ಗೆಳತಿ ನಕ್ಕೂ ನಕ್ಕೂ ಎಲೆಅಡಿಕೆಯನ್ನೇ ನುಂಗಿಬಿಟ್ಟಳು!

ಕಳೆದ ಆಷಾಢದಲ್ಲಿ ನನ್ನ ಎದೆಯಲ್ಲೊಂದು ಗಂಟು ಕಾಣಿಸಿತು. ಕುಯ್ದು ತೆಗೆದು ಪರೀಕ್ಷೆಗೆ ಕಳಿಸಿದರು. ಮಾರನೆಯ ದಿನ ನರ್ಸು ಬ್ಯಾಂಡೇಜು ಬದಲಿಸಲು ಬಂದಾಗ ಗೆಳತಿ ಪಕ್ಕದಲ್ಲೇ ನಿಂತಿದ್ದಳು. ಹತ್ತಿಯ ಮೇಲೆ ಬೊಟ್ಟಿನಷ್ಟು ರಕ್ತ. ಅಷ್ಟೇ. ದೊಪ್ಪನೆ ಸದ್ದಾಯಿತು. ತಿರುಗಿ ನೋಡಿದರೆ ಇವಳು ನೆಲದ ಮೇಲೆ!

ನರ್ಸು ನನ್ನನ್ನು ಬಿಟ್ಟು ಅವಳ ಮುಖಕ್ಕೆ ನೀರು ಚಿಮುಕಿಸಿದಳು. ಎಚ್ಚರವಾಯಿತು. ನಾನು ಬಿಡುತ್ತೇನೆಯೇ?

“ಅಷ್ಟೊಂದು ಕೊಲೆ ನೋಡಿದೋಳು, ಇಷ್ಟೇನೇ ನಿನ್ನ ಧೈರ್ಯ?”

ಅವಳು ನಗಲಿಲ್ಲ. ಎದ್ದು ಬಂದು ಮಂಚದ ಅಂಚಿನಲ್ಲಿ ಕೂತು ನನ್ನ ಕೈ ಹಿಡಿದುಕೊಂಡಳು.

“ಅವರೆಲ್ಲ ಯಾರೋ ಕಣೇ. ನೀನು ನಂಗೆ ಒಬ್ಳೇ ಇರೋದು.”

ಗಂಟು ಕೆಟ್ಟದ್ದಲ್ಲವೆಂದು ವರದಿ ಬಂದದ್ದು ಮೂರು ದಿನದ ಮೇಲೆ. ಅಲ್ಲಿಯವರೆಗೆ ಅವಳು ಕೆಲಸಕ್ಕೂ ಹೋಗಲಿಲ್ಲ, ಆ ಕೈಯನ್ನೂ ಬಿಡಲಿಲ್ಲ.