ಟ್ರ್ಯಾಕ್ಟರ್ ಕಂಪನಿಯವರ ಬೈಕು

ಒಂದು ಚಿಂತಿ ಮುಗೀತು ಅಂತ ಚಹಾ ಕುಡಿಯಾಕ ಕುಂತ್ರ ಸಾಕು, ಇನ್ನೊಂದು ಬಂದು ಬಾಜೂಕ ಕುಂದರತೈತಿ. ಚಿಕ್ಕೋಡಿ ಟ್ರ್ಯಾಕ್ಟರ್ ಶೋರೂಮಿನ್ಯಾಗ ಸೇಲ್ಸಮನ್ ಆದಾಗಿಂದ ನನ್ನ ಹಣೇಬಾರ ಇಷ್ಟ.

1. ಸಾಹೇಬ್ರ ಪ್ರಶ್ನೆ

ಬೆಂಗಳೂರಿಂದ ಬಂದ ಕಂಪನಿ ಸಾಹೇಬ್ರು ಬಾಗಿಲದಾಗ ನಿಂತು ಚಹಾ ಕುಡಕೋತ ರಸ್ತೆ ನೋಡಿದ್ರು. ಆಮ್ಯಾಲ ಮೆಲ್ಲಕ ಕೇಳಿದ್ರು, "ಈ ಕಡೆ ಒಟ್ಟು ಎಷ್ಟು ಬೈಕ್ ಇವೆ?"

"ಮನಿಗೊಂದು ಅದಾವ್ರಿ" ಅಂದೆ. ಬಾಯಿ ಮುಚ್ಕೊಂಡು ಇರಬೇಕಿತ್ತು.

ಮುಂದ ನಮ್ಮ ಟ್ರ್ಯಾಕ್ಟರ್ ಕಂಪನಿ ಬೈಕೂ ಮಾಡಿ ಕಳಿಸ್ತು. "ರೈತರಿಗೆ ನಮ್ಮ ಹೆಸರಿನ ಮೇಲೆ ನಂಬಿಕೆ ಇದೆ, ಬೈಕೂ ನಮ್ಮದೇ ತಗೋತಾರೆ" ಅಂದ್ರು ಸಾಹೇಬ್ರು. ಶೋರೂಮ್ ಮಾಲಕರು ನನ್ನ ಕರದು, "ದೀಪಾವಳಿ ಪಾಡ್ಯಾಕ ಒಂದರ ಬೈಕ್ ಹೋಗ್ಲಿಲ್ಲಂದ್ರ ನೀ ಬ್ಯಾರೆ ಕೆಲಸ ನೋಡ್ಕೊ" ಅಂದ್ರು.

"ಟ್ರ್ಯಾಕ್ಟರ್ ಮಾರಾಕತ್ತೀನಲ್ರಿ?"

"ಅವು ತಮ್ಮಷ್ಟಕ್ಕ ತಾವ ಹೋಗ್ತಾವ."

2. ಹೊಲದಾಗ ಪರೀಕ್ಷಾ

ಹೊಲದಾಗ ಓಡಿಸಿ ನೋಡಲಾರದ ನಮ್ಮ ಕಡೆ ಯಾರೂ ಟ್ರ್ಯಾಕ್ಟರ್ ತಗೊಳ್ಳಂಗಿಲ್ಲ. ಹಾರೂಗೇರಿಯ ಹಳೇ ಗಿರಾಕಿ ಕಾಕಾ ಒಬ್ರು ಬೈಕಿಗೂ ಅದ ಹಟ ಹಿಡದ್ರು. ನೀರ ಬಿಟ್ಟ ಕಬ್ಬಿನ ಹೊಲಕ್ಕ ಇಳಿಸಿದೆ. ಬೈಕ್ ಸೀಟಿನ ತನಕ ಹುಗೀತು. ಕಾಕಾ ತಮ್ಮ ಟ್ರ್ಯಾಕ್ಟರ್ ತಂದು, ಹಗ್ಗಾ ಕಟ್ಟಿ ಜಗ್ಗಿದ್ರು. ಆ ಟ್ರ್ಯಾಕ್ಟರೂ ನಮ್ಮ ಕಂಪನೀದ.

"ಏನ ಅನ್ರಿ, ಟ್ರ್ಯಾಕ್ಟರ್ ಮಾತ್ರ ನಿಮ್ದ ಛಲೋ. ನಮ್ಮ ತಮ್ಮಗ ಒಂದು ಬರ್ಕೊಳ್ರಿ" ಅಂದ್ರು.

ಟ್ರ್ಯಾಕ್ಟರ್ ಮಾರಿ ಮಾಲಕರ ಕಡೆ ಬೈಸ್ಕೊಂಡಾವ ನಾ ಒಬ್ಬನ ಇರಬೇಕು.

3. ಹುಕ್ಕು

ನಿಪ್ಪಾಣಿಯ ಗಿರಾಕಿ ಒಬ್ಬಾವ ಬೈಕಿನ ಹಿಂದ ಬಗ್ಗಿ ಹುಡುಕಾಕತ್ತಿದ್ದ. "ಹುಕ್ ಕುಠಂ ಹಾಯ್?" ಅಂತ ಮರಾಠಿಯೊಳಗ ಹುಕ್ಕು ಎಲ್ಲೈತಿ ಅಂತ ಕೇಳಿದ. ಟ್ರೇಲರ್ ಹಚ್ಚು ಹುಕ್ಕು. ಬೈಕಿಗೆ ಅದು ಇರಂಗಿಲ್ರಿ ಅಂದ್ರ, "ಟ್ರ್ಯಾಕ್ಟರ್ ಕಂಪನಿ ಅಂತೀರಿ?" ಅಂತ ನನ್ನ ಮ್ಯಾಲ ಸಂಶೇ ಮಾಡಿ ಹೋದ.

ಕಾಗವಾಡದ ಜೈನ ಆಯಿ ಒಬ್ರು ಮಗನ ಕೂಡ ಬಂದಿದ್ರು. ಟ್ರ್ಯಾಕ್ಟರ್ ತಗೊಂಡ್ರ ಬೈಕ್ ಪುಕಟ ಏನ್ರಿ ಅಂತ ಕೇಳಿದ್ರು. ಇಲ್ಲ ಅಂದೆ. "ಹಂಗಾರ ಯಾಕ ಇಟ್ಟೀರಿ?" ಅಂದ್ರು. ನನಗೂ ಗೊತ್ತಿರಲಿಲ್ಲ.

4. ಯಡೂರಿನ ಗಿರಾಕಿ

ಪಾಡ್ಯಾದ ದಿನ, ನಾ ಎಲ್ಲಾ ಆಸೆ ಬಿಟ್ಟು ಕುಂತಾಗ, ಯಡೂರಿಂದ ಒಬ್ಬಾವ ಬಂದ. ಬಣ್ಣ ಕೇಳಲಿಲ್ಲ, ಆವರೇಜ್ ಕೇಳಲಿಲ್ಲ. ಸ್ಟ್ಯಾಂಡ್ ಹಚ್ಚಿ ಚಾಲೂ ಮಾಡಿಸಿದ. ಹಿಂದಿನ ಗಾಲಿ ತಿರಗೂದನ್ನ ನೋಡಕೋತ ನಿಂತ. "ಕೊಡ್ರಿ" ಅಂದ. ನನಗ ಅಳೂದೊಂದ ಬಾಕಿ. ನೌಕರಿ ಉಳೀತು.

ಸುದ್ದಿ ಕೇಳಿ ಎಂಟು ದಿನದ ಮ್ಯಾಲ ಸಾಹೇಬ್ರು ಆ ಗಿರಾಕಿ ಕೂಡ ಫೋಟೋ ತಗೊಳ್ಳಾಕ ಬಂದ್ರು. ಯಡೂರಿಗೆ ಕರ್ಕೊಂಡು ಹೋದೆ. ಗುಡಿ ರಸ್ತೇದಾಗ ಅವಂದು ಕಬ್ಬಿನ ಹಾಲಿನ ಅಂಗಡಿ. ನಮ್ಮ ಬೈಕು ಸಿಮೆಂಟಿನ್ಯಾಗ ಹುಗದು ನಿಂತಿತ್ತು. ಎರಡೂ ಗಾಲಿ ಬಿಚ್ಚಿ ಮಾಡಿನ ಮ್ಯಾಲ ಒಗದಿದ್ದ. ಎಂಜಿನ್ನಿಂದ ಗಾಣಕ್ಕ ಪಟ್ಟಾ ಹಚ್ಚಿ ಕಬ್ಬು ಅರಿಯಾಕತ್ತಿದ್ದ.

"ಎಂಜಿನ್ ಭಾಳ ಗಟ್ಟಿ ಐತ್ರಿ ಸಾಹೇಬ್ರ. ಗಾಲಿ ಮಾತ್ರ ಸುಮ್ನ ಕೊಟ್ಟೀರಿ" ಅಂದ.

ಉಳದ ನೌಕರಿ ಈಗ ಹೋತು ಅನ್ಕೊಂಡೆ. ಸಾಹೇಬ್ರು ಕಬ್ಬಿನ ಹಾಲು ಕುಡಕೋತ ರಸ್ತೆ ನೋಡಿದ್ರು. ಆಮ್ಯಾಲ ಮೆಲ್ಲಕ ಕೇಳಿದ್ರು, "ಈ ಕಡೆ ಒಟ್ಟು ಎಷ್ಟು ಗಾಣ ಇವೆ?"

ಈ ಸಲ ನಾ ಬಾಯಿ ಬಿಡಲಿಲ್ಲ.

"ಓಣಿಗೊಂದು ಅದಾವ್ರಿ" ಅಂದ ಅಂಗಡಿಯಾವ.